ಒಂದು ಬು ಉದ್ದ

ನಡುರಾತ್ರಿ ಕಳೆದ ಮೇಲೆ ಕೆಲಸದ ಕೋಣೆಯ ಕಡೆಯಿಂದ ‘ಟಿಕ್’ ಎಂದೊಂದು ಸದ್ದು ಬಂತು. ಯಾರೋ ಕಡಲೆಕಾಯಿ ಸಿಪ್ಪೆ ಒಡೆದಷ್ಟು ಸಣ್ಣದು.

ಕಿನು ಕಣ್ಣು ಬಿಟ್ಟಳು. ಪಕ್ಕದಲ್ಲಿ ಗಂಡ ಯೊಶಿರೊ ಅಲುಗಲಿಲ್ಲ. ಬೆಳಗಿನ ಮೊದಲ ರೈಲು ಓಡಿಸಬೇಕಾದವನ ನಿದ್ದೆ ಅದು. ಆಚೆ ಕೋಣೆಯಲ್ಲಿ ಮಾವ ತೊಮೊಜೊ ಒಮ್ಮೆ ಕೆಮ್ಮಿ ಸುಮ್ಮನಾದರು. ಹೊರಗೆ ಅಕಾಗಿ ಬೆಟ್ಟದಿಂದ ಇಳಿದ ಒಣಗಾಳಿ ಬಾಗಿಲ ಹಲಗೆಗಳನ್ನು ಒಂದೇ ಸಮನೆ ತಡವುತ್ತಿತ್ತು. ಜೋಶೂ ಸೀಮೆಯ ಚಳಿಗಾಲದಲ್ಲಿ ಮಳೆಯಿಲ್ಲ, ಹಿಮವೂ ಅಷ್ಟಕ್ಕಷ್ಟೆ. ಇರುವುದೆಲ್ಲ ಈ ಗಾಳಿ. ಅದು ಮನುಷ್ಯರ ತುಟಿ ಒಡೆಯುತ್ತದೆ, ಕೊಳಲು ಮಾಡುವವರ ಮನೆಯಲ್ಲಿ ಬಿದಿರನ್ನೂ ಒಡೆಯುತ್ತದೆ.

ಒಡೆದದ್ದು ಯಾವುದು? ‘ಎರಡು-ನಾಲ್ಕು’ ಎಂಬ ಹೊಸ ಕೊಳಲು ಆಗಿರದಿದ್ದರೆ ಸಾಕು ಎಂದುಕೊಂಡಳು. ಅದರ ಕೊಳವೆಗೆ ಒಳಗಿನಿಂದ ಅರಗು ಬಳಿದವಳು ಅವಳೇ. ಬಿದಿರು ಒಣಗಿ ಸೀಳದಂತೆ ಪೆಟ್ಟಿಗೆಯಲ್ಲಿ ಒದ್ದೆ ಬಟ್ಟೆ ಇಟ್ಟೆನೇ, ಮರೆತೆನೇ? ಇಟ್ಟ ನೆನಪಿತ್ತು. ಆದರೆ ಆ ನೆನಪು ನಿನ್ನೆಯದೋ ಮೊನ್ನೆಯದೋ ಗೊತ್ತಾಗಲಿಲ್ಲ. ಎದ್ದು ಕತ್ತಲಲ್ಲೇ ಹೋಗಿ, ಪೆಟ್ಟಿಗೆ ತೆರೆದು, ಆ ಉದ್ದನೆಯ ಕೊಳಲನ್ನು ಬೆರಳ ತುದಿಯಿಂದ ಬಾಯಿಯಿಂದ ಬೇರಿನ ಕಡೆಯ ತುದಿಯವರೆಗೆ ಸವರಿದಳು. ಬಿರುಕಿಲ್ಲ. ಒದ್ದೆ ಬಟ್ಟೆಯೂ ಅಲ್ಲೇ ಇತ್ತು. ಆದರೂ ಬೆಳಗಾಗುವವರೆಗೆ ಅವಳಿಗೆ ನಿದ್ದೆ ಹತ್ತಲಿಲ್ಲ.

ಬೆಳಗ್ಗೆ ಗಂಡ ಹೊರಟುಹೋದ. ಮಾವ ಎಂದಿನಂತೆ ಸಾರ್ವಜನಿಕ ಸ್ನಾನದ ಮನೆಯ ಕಡೆ ನಡೆದರು. ಅಲ್ಲಿ ಬಿಸಿನೀರಿಗಿಂತ ಹರಟೆ ಹೆಚ್ಚು, ಮಧ್ಯಾಹ್ನದ ಮುಂಚೆ ಬರುವವರಲ್ಲ. ಕಿನು ಕೆಲಸದ ಕೋಣೆಯ ಕಿಟಕಿ ಸರಿಸಿ ಬೆಳಕು ಬಿಟ್ಟು ಒಂದೊಂದೇ ಬಿದಿರನ್ನು ನೋಡಿದಳು. ಎಲ್ಲವೂ ಸರಿಯಾಗಿದ್ದವು. ಕೊನೆಗೆ ಗೋಡೆಯ ಮೊಳೆಗೆ ತೂಗುವ ಅಳತೆಕಡ್ಡಿಯ ಕಡೆ ತಿರುಗಿದಳು.

ಕಡ್ಡಿ ಮೊಳೆಯ ಮೇಲೇ ಇತ್ತು. ಅದರ ಕೆಳತುದಿ ಮಾತ್ರ ನೆಲದ ಮೇಲಿತ್ತು.

ಆ ಕಡ್ಡಿ ಮಾವನ ಅಜ್ಜನ ಕಾಲದ್ದು. ಒಲೆಯ ಹೊಗೆಯಲ್ಲಿ ಕಪ್ಪಾದ ಬಿದಿರ ಪಟ್ಟಿ. ಅದರ ಮೇಲೆ ಗೀರುಗಳು, ಮುಖ್ಯವಾದ ಅಳತೆಗಳಿರುವ ಕಡೆ ಪುಟ್ಟ ಹಿತ್ತಾಳೆ ಮೊಳೆಗಳು. ಶಾಕುಹಾಚಿ ಎಂಬ ಕೊಳಲಿನ ಹೆಸರಿನಲ್ಲೇ ಅದರ ಅಳತೆಯಿದೆ: ಒಂದು ಶಾಕು, ಅದರ ಮೇಲೆ ಎಂಟು ಸುನ್. ಶಾಕುವಿಗೆ ಹತ್ತು ಸುನ್, ಸುನ್ನಿಗೆ ಹತ್ತು ಬು. ಅದಕ್ಕಿಂತ ಗಿಡ್ಡದನ್ನೂ ಉದ್ದದ್ದನ್ನೂ ಅವುಗಳ ಉದ್ದದಿಂದಲೇ ಕರೆಯುವುದು: ಒಂದು-ಆರು, ಎರಡು-ನಾಲ್ಕು. ಕೆಲವು ಮನೆಗಳವರು ಒಳ್ಳೆಯ ಕೊಳಲಿಗೆ ಚಂದ್ರನದೋ ಕೊಕ್ಕರೆಯದೋ ಹೆಸರಿಡುತ್ತಾರೆ. ತೊಮೊಜೊ ಅಂಥದ್ದಕ್ಕೆ ಮೂಗು ಮುರಿಯುತ್ತಿದ್ದರು. “ಅದೇನು ತೊಟ್ಟಿಲಲ್ಲಿರೋ ಕೂಸಾ, ನಾಮಕರಣ ಮಾಡೋಕೆ? ಅಳತೆನೇ ಹೆಸರು. ಅಳತೆ ಸುಳ್ಳಾದ್ರೆ ಹೆಸರು ಸುಳ್ಳು. ಹೆಸರು ಸುಳ್ಳಾದ ಕೊಳಲು ಒಲೆಗೆ.”

ಅಂಗಡಿಗಳಲ್ಲಿ ಶಾಕು ಕಡ್ಡಿ ಮಾರುವುದನ್ನು ಸರ್ಕಾರ ನಿಲ್ಲಿಸಿದ ಮೇಲಂತೂ ಅವರಿಗೆ ಈ ಕಡ್ಡಿಯ ಮೇಲಿನ ಅಭಿಮಾನ ಇನ್ನೂ ಹೆಚ್ಚಾಗಿತ್ತು. “ಐವತ್ನಾಲ್ಕೂವರೆ ಸೆಂಟಿಮೀಟರ್ ಕೊಳಲಂತೆ! ಸೆಂಟಿಮೀಟರ್ ಊದಿದ್ರೆ ಯಾರಿಗಾದ್ರೂ ಕಣ್ಣಲ್ಲಿ ನೀರು ಬರುತ್ತಾ?” ಎಂದು ಬಂದವರನ್ನೆಲ್ಲ ಕೇಳುತ್ತಿದ್ದರು.

ಕಿನು ನೆಲದ ತುಂಡನ್ನು ಎತ್ತಿಕೊಂಡಳು. ಕೆಳತುದಿಯ ಹತ್ತಿರ ಎರಡು ಬೆರಳಗಲ ರೇಷ್ಮೆ ದಾರ ಸುತ್ತಿ ಅರಗು ಬಳಿದಿದ್ದನ್ನು ಅವಳು ಮದುವೆಯಾಗಿ ಬಂದ ದಿನದಿಂದ ನೋಡಿದ್ದಳು. ಯುದ್ಧದ ಕಾಲದಲ್ಲಿ ಕಡ್ಡಿ ಸ್ವಲ್ಪ ಬಿರುಕು ಬಿಟ್ಟಿತ್ತು, ಅತ್ತೆ ಇಸೊ ಕಟ್ಟಿಟ್ಟರು ಎಂದು ಎಲ್ಲರಿಗೂ ಗೊತ್ತಿತ್ತು. ಈಗ ಹಳೆಯ ದಾರ ಹರಿದು ಒಳಗಿನದು ಕಾಣುತ್ತಿತ್ತು. ಅದು ಬಿರುಕಲ್ಲ. ಗರಗಸದಿಂದ ನೇರವಾಗಿ ಕೊಯ್ದ ಎರಡು ಮೈಗಳು. ಕೊಯ್ದದ್ದು ಮೊದಲನೆಯ ಸುನ್ನಿನ ಗೀರಿನ ಮೇಲೆಯೇ. ತುದಿಯ ತುಂಡು ಹೊರಗೆ ಮಸಿ ಬಳಿದು ಕಪ್ಪಾಗಿಸಿದ್ದರೂ ಒಳಗೆ ಬೆಳ್ಳಗಿತ್ತು. ಬೇರೆ ಬಿದಿರು.

ದಾರವನ್ನು ಮತ್ತೆ ನೋಡಿದಳು. ಸುತ್ತು ಎಡಕ್ಕೆ ತಿರುಗಿತ್ತು. ಈ ಮನೆಯಲ್ಲಿ ಎಡಗೈಯವರಿದ್ದದ್ದು ತೀರಿಕೊಂಡ ಅತ್ತೆಯೊಬ್ಬರೇ. ಅವರು ಸುತ್ತಿದ ಕೊಳಲುಗಳನ್ನು ಕತ್ತಲಲ್ಲೂ ಬೆರಳಿನಿಂದ ಗುರುತಿಸಬಹುದು.

ಕಿನು ತನ್ನ ಹೊಲಿಗೆಯ ಕಡ್ಡಿಯನ್ನು ತಂದಳು. ಕೊಳಲಿನ ಚೀಲಗಳನ್ನು ಅವಳು ಹೊಲಿಯುವುದು ಅದರಿಂದ. ಬಟ್ಟೆಯವರ ಸುನ್ ಬಡಗಿಗಳ ಸುನ್ನಿಗಿಂತ ದೊಡ್ಡದು. ಅವಳ ಎಂಟು ಬು, ಮಾವನ ಒಂದು ಸುನ್ನಿಗೆ ಸಮ. ಲೆಕ್ಕ ಅವಳಿಗೆ ನಿದ್ದೆಗಣ್ಣಲ್ಲೂ ಬರುತ್ತಿತ್ತು. ತುಂಡನ್ನು ಇಟ್ಟು ನೋಡಿದಳು. ಎಂಟು ಇರಬೇಕಾದದ್ದು ಒಂಬತ್ತಕ್ಕೆ ಕೂದಲೆಳೆಯಷ್ಟು ಕಡಿಮೆ ಇತ್ತು. ಎಂದರೆ ಮಾವನ ಲೆಕ್ಕದಲ್ಲಿ ಒಂದು ಸುನ್ ಆಗಬೇಕಾದದ್ದು ಒಂದು ಸುನ್ ಒಂದು ಬು.

ಹೇಗಾಗಿರಬಹುದು? ಮಾವ ಯುದ್ಧಕ್ಕೆ ಹೋಗಿ ಸೈಬೀರಿಯಾದಲ್ಲಿ ಸೆರೆಯಲ್ಲಿದ್ದ ವರ್ಷಗಳು. ಮನೆಯಲ್ಲಿ ಅತ್ತೆ, ಪುಟ್ಟ ಯೊಶಿರೊ. ಹುಡುಗ ಕಡ್ಡಿಯನ್ನು ಕತ್ತಿ ಮಾಡಿಕೊಂಡು ಆಡಿರಬೇಕು, ತುದಿ ಸೀಳಿರಬೇಕು. ಅತ್ತೆ ಸೀಳಿದ್ದನ್ನು ಕೊಯ್ದು ತೆಗೆದು, ಇದ್ದೊಂದು ಹೊಲಿಗೆ ಕಡ್ಡಿಯಿಂದ ಅಳೆದು, ಮಬ್ಬು ದೀಪದಲ್ಲಿ ಬೇರೆ ತುಂಡು ಕೂಡಿಸಿರಬೇಕು. ಒಂದು ಬು ಹೆಚ್ಚು ಬಂತು. ಅಂದಿನಿಂದ ಈ ಮನೆಯ ಒಂದು-ಎಂಟು, ಒಂದು-ಆರು, ಎರಡು-ನಾಲ್ಕು ಎಲ್ಲವೂ ಒಂದು ಬು ಉದ್ದ. ಎಲ್ಲ ಅಳತೆಯೂ ಆ ತುದಿಯಿಂದಲೇ ಶುರುವಾಗುವುದಲ್ಲ!

ಆಗ ಅವಳಿಗೆ ಶಿನ್‌ಸಾಕು ನೆನಪಾಯಿತು. ಅವಳು ಅವನನ್ನು ನೋಡಿರಲಿಲ್ಲ. ಆದರೆ ಅವನ ಕಥೆಯನ್ನು ಬೀದಿಯವರೆಲ್ಲ ಹೇಳುತ್ತಿದ್ದರು. ಮಾವನ ಒಬ್ಬನೇ ಶಿಷ್ಯ. ಇಪ್ಪತ್ತು ವರ್ಷದ ಹಿಂದೆ, ಯುದ್ಧಕ್ಕೆ ಮುಂಚೆ ಮಾಡಿದ ಒಂದು-ಎಂಟನ್ನೂ ಹೊಸದೊಂದನ್ನೂ ಪಕ್ಕಪಕ್ಕ ಇಟ್ಟು, “ಗುರುಗಳೇ, ಹೊಸದು ಒಂದು ಬು ಉದ್ದ ಇದೆ” ಎಂದಿದ್ದನಂತೆ. ಹಳೆಯ ಬಿದಿರು ಒಣಗಿ ಕುಗ್ಗಿದೆ ಎಂದರು ಮಾವ. ಬಿದಿರು ಉದ್ದಕ್ಕೆ ಕುಗ್ಗಲ್ಲ ಎಂದ ಅವನು. ಈ ಮನೆಯ ಶಾಕು ಸುಳ್ಳು ಅನ್ನುವವನಿಗೆ ಈ ಮನೆಯ ಅನ್ನವೂ ಬೇಡ ಎಂದು ಅಂದೇ ಹೊರಗೆ ಹಾಕಿದರು.

ಅವನು ಹೇಳಿದ್ದು ಸರಿಯಾಗಿತ್ತು.

ಮಾವನಿಗೆ ಹೇಳುವುದು ಆಗದ ಮಾತು. ಎಪ್ಪತ್ತಾರರ ವಯಸ್ಸಿನಲ್ಲಿ ತಾನು ಅರ್ಧ ಆಯುಷ್ಯ ಸುಳ್ಳು ಹೆಸರಿನ ಕೊಳಲು ಮಾಡಿದೆ, ಸರಿ ಹೇಳಿದವನನ್ನು ಓಡಿಸಿದೆ, ಹೆಂಡತಿ ಎಲ್ಲ ತಿಳಿದೂ ಬಾಯಿ ಬಿಡಲಿಲ್ಲ ಎಂದು ತಿಳಿದರೆ ಅವರು ಮತ್ತೆ ಗರಗಸ ಮುಟ್ಟುವವರಲ್ಲ. ಆದರೆ ಕಡ್ಡಿಯನ್ನು ಕೂಡಿಸಲೇಬೇಕು. ಕೂಡಿಸುವಾಗ ಸರಿಮಾಡಿಬಿಟ್ಟರೆ? ಮುಂದಿನ ಕೊಳಲಿಂದ ಅಳತೆ ನೆಟ್ಟಗಾಗುತ್ತದೆ. ಕೋಟೊ ವಾದ್ಯ ಕಲಿಸುವ ಹೆಂಗಸು “ನಿಮ್ಮ ಮನೆ ಕೊಳಲಿನ ಶ್ರುತಿ ಯಾವಾಗ್ಲೂ ಒಂದು ಎಳೆ ಕೆಳಗೆ ಕೂರುತ್ತಮ್ಮ” ಎಂದು ಗೊಣಗುವುದೂ ತಪ್ಪುತ್ತದೆ. ಯಾರಿಗೂ ನೋವಿಲ್ಲ.

ಹಾಗೆಂದುಕೊಂಡು, ಮತ್ತೆ ಯೋಚನೆ ಬರುವ ಮುಂಚೆಯೇ ಸಣ್ಣ ಗರಗಸ ತೆಗೆದು ತುಂಡಿನಿಂದ ಒಂದು ಬು ಕೊಯ್ದಳು. ಉಗುರಿನಷ್ಟು ಬಿಲ್ಲೆ ಹೊಟ್ಟು ಬೀಳುವ ಟ್ರೇಯಲ್ಲಿ ಬಿತ್ತು. ಮೂಳೆ ಅಂಟನ್ನು ಬಿಸಿಮಾಡಿ, ತುಂಡನ್ನು ಕೂಡಿಸಿ, ಹೊಸ ದಾರವನ್ನು ಎಡಕ್ಕೆ ಸುತ್ತಿದಳು. ಬಲಗೈಯವಳಿಗೆ ಎಡಸುತ್ತು ಕಷ್ಟ; ಎರಡು ಸಲ ಬಿಚ್ಚಿ ಸುತ್ತಬೇಕಾಯಿತು.

ಮಾವ ಬಂದು ಊಟ ಮಾಡಿದರು. ಬಿಸಿ ಊದೊನ್ ಶಾವಿಗೆಯ ಬಟ್ಟಲಿನಿಂದ ಅವರು ತಲೆ ಎತ್ತುವಷ್ಟರಲ್ಲಿ ಹೊರಗಿನಿಂದ ಯಾರೋ ಕೂಗಿದರು.

“ಯಾರಿದೀರಾ ಮನೇಲಿ? ಅಮ್ಮನೋರಿಗೆ ಊದುಬತ್ತಿ ಹಚ್ಚೋಕೆ ಬಂದಿದೀನಿ.”

ಕಿನು ಬಾಗಿಲು ಸರಿಸಿದಳು. ನರೆತ ತಲೆಯ ಎತ್ತರದ ಗಂಡಸು, ಕೈಯಲ್ಲಿ ಒಣ ಪರ್ಸಿಮನ್ ಹಣ್ಣಿನ ಸರ, ಬೆನ್ನಿಗೆ ಉದ್ದನೆಯ ಬಟ್ಟೆಗಂಟು. ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದ. “ನೀವು ಯೊಶಿರೊ ಹೆಂಡತಿ ಇರ್ಬೇಕು. ನಾನು ಶಿನ್‌ಸಾಕು. ಅಮ್ಮನೋರು ಹೋದ ಸುದ್ದಿ ನಂಗೆ ತಡವಾಗಿ ಸಿಕ್ತು.”

ಒಳಗಿನಿಂದ ಮಾವನ ಧ್ವನಿ: “ಬಾಗಿಲು ಹಾಕಮ್ಮ, ಗಾಳಿ ಬರುತ್ತೆ. ಬಂದಿರೋನು ಒಳಗಿದ್ರೆ ಒಳಗೆ, ಹೊರಗಿದ್ರೆ ಹೊರಗೆ.”

ಶಿನ್‌ಸಾಕು ಒಳಗೆ ಬಂದ. ಇಸೊ ಅವರ ಚಿತ್ರವಿದ್ದ ಪೂಜೆಯ ಗೂಡಿನ ಮುಂದೆ ಕೂತು, ಊದುಬತ್ತಿ ಹಚ್ಚಿ, ಗಂಟೆ ತಟ್ಟಿ, ಬಹಳ ಹೊತ್ತು ತಲೆ ಬಾಗಿಸಿದ. ತೊಮೊಜೊ ಅವನ ಬೆನ್ನನ್ನೇ ನೋಡುತ್ತಿದ್ದರು. ಅವನು ತಿರುಗಿದ ಕೂಡಲೇ ಮುಖ ಬೇರೆ ಕಡೆಗೆ.

“ಕೂದಲೆಲ್ಲ ಬೆಳ್ಳಗಾಯ್ತಲ್ಲೋ.”

“ಗುರುಗಳಿಗೆ ಕೂದಲೇ ಇಲ್ವಲ್ಲ.”

“ಗಾಳಿ ಕಿತ್ಕೊಂಡು ಹೋಯ್ತು. ಜೋಶೂನಲ್ಲಿ ಗಂಡಸಿಗೆ ಇಬ್ಬರು ಯಜಮಾನ್ರು. ಒಂದು ಹೆಂಡ್ತಿ, ಒಂದು ಗಾಳಿ. ಒಬ್ಳು ಹೋದ್ಳು.” ತೊಮೊಜೊ ಚಹಾದ ಬಟ್ಟಲನ್ನು ಅವನ ಕಡೆ ತಳ್ಳಿದರು. “ಕುಡಿ. ಬರೀ ಊದುಬತ್ತಿ ಹಚ್ಚೋಕೆ ಬಂದೋನ ಬೆನ್ಮೇಲೆ ಆ ಗಂಟೇನು? ನನ್ನ ಹೊಡೆಯೋಕೆ ದೊಣ್ಣೆ ತಂದ್ಯಾ?”

ಶಿನ್‌ಸಾಕು ನಕ್ಕು ಗಂಟು ಬಿಚ್ಚಿದ. ಅದರಲ್ಲಿ ಚೆನ್ನಾಗಿ ಒಣಗಿಸಿ ಸಮ ಮಾಡಿದ ಖಾಲಿ ಬಿದಿರ ಪಟ್ಟಿ ಇತ್ತು. ಒಂದೂ ಗೀರಿಲ್ಲ. ಅದನ್ನು ಚಾಪೆಯ ಮೇಲೆ ಇಟ್ಟು, ಎರಡೂ ಕೈಯೂರಿ ಬಗ್ಗಿದ.

“ಈ ಮನೆ ಅಳತೆ ಕೊಡಿ ಗುರುಗಳೇ.”

ಬಾಗಿಲ ಬಳಿ ಕೂತಿದ್ದ ಕಿನು ತಟ್ಟನೆ ತಲೆ ಎತ್ತಿದಳು.

“ಏನಂದೆ?” ಎಂದರು ತೊಮೊಜೊ.

“ಇಪ್ಪತ್ತು ವರ್ಷದಿಂದ ಕಬ್ಬಿಣದ ಪಟ್ಟಿ ಇಟ್ಕೊಂಡು ಕೊಳಲು ಮಾಡಿದೀನಿ. ಅಳತೆಗೆ ಕೂದಲೆಳೆ ತಪ್ಪಿಲ್ಲ. ಕೊಂಡೋರು ಚೆನ್ನಾಗಿದೆ ಅಂತಾರೆ, ಮತ್ತೆ ಬರ್ತಾರೆ. ಆದ್ರೆ ಈ ಮನೇದು ಊದಿದಾಗ ತಳದಿಂದ ಬರುತ್ತಲ್ಲ ಒಂದು ಉಸಿರು, ಅದು ನನ್ನ ಕೊಳಲಲ್ಲಿ ಬರಲ್ಲ. ಅಂಗಡೀಲಿ ನಿಮ್ದೊಂದು ಕೊಂಡು ಅಳೆದು ನೋಡ್ಬೋದಿತ್ತು. ಅಳೀಲಿಲ್ಲ. ಕೊಟ್ಟು ತಗೊಳ್ಳದ ಅಳತೆ ಕದ್ದ ಅಳತೆ ಅಂತ ನೀವೇ ಹೇಳ್ಕೊಟ್ಟಿದ್ದು.”

“ನನ್ನ ಶಾಕು ಉದ್ದ ಅಂದೋನು ನೀನು.”

“ಉದ್ದಾನೇ. ಈಗ್ಲೂ ಅಂತೀನಿ. ಆ ಉದ್ದವೇ ಬೇಕು.”

ಮಾವ ಎದ್ದು ಹೋಗಿಬಿಡುತ್ತಾರೆ ಎಂದುಕೊಂಡಳು ಕಿನು. ಬದಲಿಗೆ ಅವರ ಗಲ್ಲ ಅದುರಿತು, ಆಮೇಲೆ ಭುಜ. ನಗುತ್ತಿದ್ದರು.

“ಕತ್ತೆ! ನಂದು ಉದ್ದ ಅಲ್ವೋ. ಲೋಕದ್ದು ಗಿಡ್ಡ.” ಕಣ್ಣೊರೆಸಿಕೊಂಡರು. “ಕಿನು, ಕಡ್ಡಿ ತಗೊಂಬಾ. ಹಾಗೇ ಮೊನ್ನೆ ಮುಗಿಸಿದ ಎರಡು-ನಾಲ್ಕನ್ನೂ ತಾ. ಕಡ್ಡಿ ಪಕ್ಕದಲ್ಲಿಟ್ಟು ತೋರಿಸ್ತೀನಿ ಇವನಿಗೆ, ಈ ಮನೆ ಹೆಸರು ಎಷ್ಟು ನೆಟ್ಟಗಿರುತ್ತೆ ಅಂತ.”

ಕಿನು ಎದ್ದಳು. ಕೆಲಸದ ಕೋಣೆಗೆ ಬಂದು ಬಾಗಿಲು ಎಳೆದು ಮುಚ್ಚಿ, ಕೊಳಲನ್ನು ಕಡ್ಡಿಯ ಪಕ್ಕದಲ್ಲಿಟ್ಟು ನೋಡಿದಳು. ಅಂದುಕೊಂಡಂತೆಯೇ ಕೊಳಲಿನ ಬಾಯಿ ಹಿತ್ತಾಳೆ ಮೊಳೆಯನ್ನು ದಾಟಿ ಒಂದು ಬು ಮುಂದೆ ಹೋಗಿತ್ತು. ಮುದುಕರ ಕಣ್ಣಿಗೂ ಕಾಣುವಷ್ಟು. ಅವಳು ಬೆಳಗ್ಗೆ ನೆಟ್ಟಗೆ ಮಾಡಿದ್ದು ಈಗ ಆಚೆ ಕೋಣೆಯ ನಗುವನ್ನು ಮುರಿಯಲು ಸಾಕಾಗಿತ್ತು. ಇಷ್ಟು ವರ್ಷದ ಮೇಲೆ ಬಂದವನ ಕೈಗೆ ಅವನ ಹತ್ತಿರ ಇರುವ ಕಬ್ಬಿಣದ ಪಟ್ಟಿಯ ಅಳತೆಯೇ ಸಿಗುತ್ತಿತ್ತು.

ಟ್ರೇಯ ಹೊಟ್ಟಿನಲ್ಲಿ ಬೆರಳಾಡಿಸಿದಳು. ಬಿಲ್ಲೆ ಸಿಗಲಿಲ್ಲ. ಮತ್ತೊಮ್ಮೆ ಹುಡುಕಿದಾಗ ಸಿಕ್ಕಿತು. ದಾರ ಬಿಚ್ಚಿದಳು, ಅಂಟು ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ, ತಿರುವಿದೊಡನೆ ತುಂಡು ಬಿಟ್ಟುಕೊಂಡಿತು. ಅಂಟಿನ ಬಟ್ಟಲನ್ನು ಕೆಂಡದ ಮೇಲಿಟ್ಟು, ಬಿಲ್ಲೆಯನ್ನು ನಡುವೆ ಸೇರಿಸಿ ಕೊಳಲಿನ ಪಕ್ಕ ಹಿಡಿದಳು. ಇನ್ನೂ ಒಂದು ಎಳೆ ಕಡಿಮೆ: ಗರಗಸ ತಿಂದ ಪುಡಿ ಎಲ್ಲಿಂದ ಬರಬೇಕು? ತೆಳುವಾದ ಕಾಗದ ಮಡಿಸಿ ಇಟ್ಟಳು. ಹೆಚ್ಚಾಯಿತು. ಒಂದು ಮಡಿಕೆ ಕಿತ್ತಳು. ಹಿತ್ತಾಳೆ ಮೊಳೆ ಕೊಳಲಿನ ಬಾಯಂಚಿಗೆ ಸರಿಯಾಗಿ ಬಂದು ನಿಂತಿತು. ಕಡ್ಡಿ ಕೊಳಲನ್ನು ಅಳೆಯುವುದನ್ನೇ ಅವಳು ನೋಡಿದ್ದಳು. ಇಂದು ಕೊಳಲು ಕಡ್ಡಿಯನ್ನು ಅಳೆಯಿತು.

“ಕಿನೂ! ಕಡ್ಡಿ ತರೋಕೆ ಬಿದಿರು ನೆಡೋಕೆ ಹೋದ್ಯಾ?”

“ಧೂಳು ಒರೆಸ್ತಿದೀನಿ ಮಾವ!”

“ಅಜ್ಜನ ಕಾಲದ ಧೂಳು ಅದು. ಬಿಡು, ಇರ್ಲಿ!”

ದಾರವನ್ನು ಎಡಕ್ಕೆ ಸುತ್ತಿದಳು. ಈ ಸಲ ಒಂದೇ ಸಲಕ್ಕೆ ಸುತ್ತು ಸರಿಯಾಗಿ ಕೂತಿತು. ಮಸಿ ಸವರಿ, ಬಾಯಿಂದ ಊದಿ, ಒಂದು ಕೈಯಲ್ಲಿ ಕೊಳಲು, ಇನ್ನೊಂದು ಕೈಯಲ್ಲಿ ಕಡ್ಡಿಯ ತುದಿಯನ್ನು ಬಿಗಿಯಾಗಿ ಹಿಡಿದು ಹೊರಗೆ ಬಂದಳು.

ತೊಮೊಜೊ ಮೂಗು ಅರಳಿಸಿದರು. “ಮೂಳೆ ಅಂಟಿನ ವಾಸನೆ.”

“ಚೀಲದ ಪಟ್ಟಿ ಬಿಟ್ಟಿತ್ತು. ಅಂಟು ಬಿಸಿಗಿಟ್ಟಿದ್ದೆ.”

“ಈ ಮನೇಲಿ ಊಟಕ್ಕಿಂತ ಅಂಟೇ ಹೆಚ್ಚು ಬೇಯುತ್ತೆ” ಎಂದು ಶಿನ್‌ಸಾಕುವಿಗೆ ಹೇಳಿ, ಕಡ್ಡಿ ತೆಗೆದುಕೊಂಡು ಕೊಳಲಿನ ಪಕ್ಕ ಮಲಗಿಸಿದರು. ಮೊಳೆ ಮತ್ತು ಬಾಯಂಚು ಒಂದೇ ಗೆರೆಯಲ್ಲಿದ್ದವು. ಅವರ ಹೆಬ್ಬೆರಳು ದಾರದ ಸುತ್ತಿನ ಮೇಲೆ ಹೋಗಿ ನಿಂತಿತು. ಕಿನು ಚಾಪೆಯ ಅಂಚನ್ನೇ ನೋಡುತ್ತಿದ್ದಳು.

“ಇದು ಅವಳು ಕಟ್ಟಿದ್ದು” ಎಂದರು ತೊಮೊಜೊ ಮೆಲ್ಲಗೆ. “ನಾನು ಸೈಬೀರಿಯಾದಿಂದ ಬಂದಾಗ ಮನೇಲಿ ಪಾತ್ರೆ ಇರಲಿಲ್ಲ, ಹಾಸಿಗೆ ಇರಲಿಲ್ಲ. ಎಲ್ಲ ಮಾರಿ ಮಗೂನ ಸಾಕಿದ್ಳು. ಇದೊಂದನ್ನ ಮಾತ್ರ ಕಟ್ಟಿ ಕಾಪಾಡಿದ್ಳು. ಹಿಡ್ಕೋ, ಜೋಪಾನ.”

ಶಿನ್‌ಸಾಕು ತನ್ನ ಖಾಲಿ ಪಟ್ಟಿಯನ್ನು ಪಕ್ಕಕ್ಕಿಟ್ಟು, ತುದಿಗೆ ತುದಿ ಕೂಡಿಸಿ, ಚಾಕುವಿನಿಂದ ಗುರುತು ಹಾಕತೊಡಗಿದ. ಪ್ರತಿ ಗುರುತಿಗೂ ಗುರು ಹೆಸರು ಹೇಳುತ್ತಿದ್ದರು, ಶಿಷ್ಯ ಅದನ್ನೇ ಮತ್ತೆ ಹೇಳುತ್ತಿದ್ದ. “ಒಂದು-ಆರು.” “ಒಂದು-ಆರು.” “ಒಂದು-ಎಂಟು.” “ಒಂದು-ಎಂಟು.” “ಎರಡು.” “ಎರಡು ನೆಟ್ಟಗೆ.” ನಡುವೆ ಬೈಗಳು: ಚಾಕು ಹಿಡಿಯೋದು ಹಾಗಾ, ಬದನೆಕಾಯಿ ಹೆಚ್ತಿದೀಯಾ. ಎರಡು-ನಾಲ್ಕಕ್ಕೆ ಬರುವಾಗ ತೊಮೊಜೊ ಅವರ ಧ್ವನಿ ಸ್ವಲ್ಪ ಒಡೆದಿತ್ತು. ಅದು ಗಂಟಲ ಕಫ ಎಂಬಂತೆ ಅವರು ಕೆಮ್ಮಿದರು.

ಕಿನು ಆ ಚಾಕುವಿನ ತುದಿಯನ್ನೇ ನೋಡುತ್ತಿದ್ದಳು. ಪ್ರತಿ ಗುರುತೂ ಒಂದು ಬು ತಪ್ಪು. ಅದು ಈಗ ಇನ್ನೊಂದು ಮನೆಗೆ ಹೋಗುತ್ತದೆ, ಅಲ್ಲಿಂದ ಅವನ ಶಿಷ್ಯರ ಮನೆಗಳಿಗೆ. ತಡೆಯಬೇಕೆ? ಬಾಯಿ ತೆರೆದರೆ ಒಂದು ವಾಕ್ಯ ಸಾಕು. ಆದರೆ ಬಂದವನು ತಪ್ಪನ್ನು ತಪ್ಪೆಂದು ತಿಳಿದೇ ಕೇಳುತ್ತಿದ್ದ. ಅವನಿಗೆ ಗೊತ್ತಿಲ್ಲದ್ದು ಅದು ಯಾರ ಕೈಯಿಂದ ಆಯಿತು ಎಂಬುದೊಂದೇ.

ಹೊತ್ತು ಇಳಿಯುವಾಗ ಶಿನ್‌ಸಾಕು ಹೊರಟ. ಮುದುಕರು ಬಾಗಿಲವರೆಗೆ ಬರಲಿಲ್ಲ. “ಮುಂದಿನ ಸಲ ಬರೋವಾಗ ಪರ್ಸಿಮನ್ ಇನ್ನೂ ಸಿಹಿ ಇರೋದು ತಾ” ಎಂದು ಒಳಗಿನಿಂದಲೇ ಕೂಗಿದರು. ಕಿನು ಬಸ್ಸಿನ ಕಂಬದವರೆಗೆ ಜೊತೆಗೆ ಹೋದಳು. ಗಾಳಿಗೆ ಇಬ್ಬರೂ ಓರೆಯಾಗಿ ನಡೆಯಬೇಕಿತ್ತು.

“ಅವತ್ತು ಅಮ್ಮನೋರು ಇಲ್ಲೀವರೆಗೆ ಬಂದಿದ್ರು ತಂಗೀ” ಎಂದ ಶಿನ್‌ಸಾಕು. “ಗುರುಗಳು ಓಡಿಸಿದ ದಿನ. ಅನ್ನದ ಉಂಡೆ ಕಟ್ಟಿಕೊಟ್ಟು, ನನ್ನ ಎರಡೂ ಕೈ ಹಿಡ್ಕೊಂಡು ಅತ್ರು. ಬಸ್ ಬಂದ್ರೂ ಬಿಡಲಿಲ್ಲ. ಕ್ಷಮಿಸಪ್ಪಾ, ಕ್ಷಮಿಸಪ್ಪಾ ಅಂತಿದ್ರು. ಸಿಟ್ಟು ಮಾಡಿದ್ದು ಗುರುಗಳು. ಅಮ್ಮನೋರು ಯಾಕೆ ಅಷ್ಟು ಅತ್ರು ಅಂತ ನಂಗೆ ಇವತ್ತಿಗೂ ಗೊತ್ತಾಗಿಲ್ಲ. ನಿಮಗೇನಾದ್ರೂ ಹೇಳಿದ್ರಾ?”

ಅವನು ಅವಳ ಮುಖ ನೋಡಿದ. ಕೇಳುವ ಹಕ್ಕು ಅವನಿಗಿತ್ತು. ಅವಳ ನಾಲಿಗೆಯ ತುದಿಗೆ ಬಂದಿತ್ತು: ನಿಮ್ಮ ಮಾತು ಸರಿ ಅಂತ ಗೊತ್ತಿದ್ದವರು ಅವರೊಬ್ಬರೇ. ಹೇಳಿದರೆ ಇವನ ಎದೆ ಹಗುರಾಗುತ್ತದೆ. ಮುಂದಿನ ಸಲ ಆ ಮುದುಕರ ಎದುರು ಕೂತಾಗ ಇವನ ಕಣ್ಣಿನಲ್ಲಿ ಅದು ಇರುತ್ತದೆ. ತೊಮೊಜೊ ಬಿದಿರಿನೊಳಗಿನ ಬಿರುಕನ್ನೇ ಹೊರಗಿನಿಂದ ಕಂಡುಹಿಡಿಯುವವರು; ಇವನ ಕಣ್ಣು ಓದದೆ ಇರುತ್ತಾರೆಯೇ? ಪೂಜೆಯ ಗೂಡಿನಲ್ಲಿರುವ ಅತ್ತೆ ಸಾಯುವವರೆಗೆ ಹೊತ್ತದ್ದನ್ನು ತಾನು ಒಂದು ದಿನಕ್ಕೆ ಇಳಿಸಿಬಿಡುವುದೇ?

“ಇಲ್ಲ” ಎಂದಳು ಕಿನು. “ನಿಮ್ಮನ್ನ ತುಂಬ ನೆನೆಸ್ಕೊತಿದ್ರು.”

ಅದು ಸುಳ್ಳಾಗಿರಲಿಲ್ಲ. ಅತ್ತೆ ಪ್ರತಿ ವರ್ಷ ಹೊಸ ಅಕ್ಕಿಯ ಮೊದಲ ಅನ್ನದ ಉಂಡೆ ಕಟ್ಟುವಾಗ ಅವನ ಹೆಸರು ಹೇಳುತ್ತಿದ್ದರು.

ಬಸ್ ಬಂತು. ಅವನು ಬೆನ್ನ ಗಂಟನ್ನು ಎದೆಗೆ ತಬ್ಬಿಕೊಂಡು ಹತ್ತಿದ, ಮಗುವನ್ನು ಎತ್ತಿಕೊಂಡವನಂತೆ. ಕಿನು ಬಸ್ ತಿರುವು ದಾಟುವವರೆಗೆ ನಿಂತಿದ್ದು ವಾಪಸ್ಸು ನಡೆದಳು. ರಾತ್ರಿ ಯೊಶಿರೊ ಬಂದು ಕೇಳುತ್ತಾನೆ, ಇವತ್ತೇನು ವಿಶೇಷ ಎಂದು. ಶಿನ್‌ಸಾಕು ಬಂದಿದ್ದರು, ಅತ್ತೆಗೆ ಊದುಬತ್ತಿ ಹಚ್ಚಿದರು, ಮಾವ ನಕ್ಕರು ಎಂದು ಹೇಳಬೇಕು. ಅಷ್ಟೇ. ಕಡ್ಡಿಯ ತುದಿಯ ವಿಷಯ ಅವನಿಗೂ ಬೇಡ. ಅದನ್ನು ಕತ್ತಿ ಮಾಡಿಕೊಂಡು ಆಡಿದವನು ಅವನೇ ಇರಬಹುದು. ಯಾರಿಗೂ ಬೇಡ ಎಂದು ಗಾಳಿಗೆ ಬೆನ್ನು ಕೊಟ್ಟು ನಡೆಯುತ್ತ ಅವಳು ತೀರ್ಮಾನಿಸಿದಳು.